ಕಣ್ಣಿಂದ ಕೊಂಡ ಬಟ್ಟೆ

ನಾವು ಮ್ಯಾಂಚೆಸ್ಟರಿನ ಈ ಮನೆಗೆ ಬಂದು ಮೂರು ವರ್ಷ ಆಯಿತು. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಎಂಬತ್ತು ದಾಟಿದೆ. ಮೊದಲ ದಿನದಿಂದಲೂ ಅವರ ಮೇಲೆ ನನಗೊಂದು ಸಣ್ಣ ಬೇಸರ ಇತ್ತು. ನನ್ನ ಹತ್ತಿರ ಮಾತಾಡುವಾಗ ಅವರು ಬಾಯಿ ಅಗಲಿಸಿ, ಒಂದೊಂದು ಪದವನ್ನೂ ತುಟಿಯಲ್ಲಿ ಬಿಡಿಸಿಟ್ಟ ಹಾಗೆ ಹೇಳುತ್ತಿದ್ದರು. ಇವಳಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ತಿಳಿದಿದ್ದಾರೆ ಎಂದುಕೊಂಡೆ. ಹೊರದೇಶದಲ್ಲಿ ಇಂಥ ಬೇಸರವನ್ನು ಬಾಯಿ ಬಿಟ್ಟು ಹೇಳಲಾಗುವುದಿಲ್ಲ. ಸುಮ್ನೆ ನಕ್ಕು ಒಳಗೆ ಬರುತ್ತಿದ್ದೆ.

ಆ ಬೇಸರ ಬಿಡಿಸಿದ್ದು ಒಂದು ಫ್ರಾಕು.

ಈ ವರ್ಷ ಹೊಲಿಗೆ ಕಲಿಯಬೇಕು ಅಂತ ಮೆಷಿನ್ ತಂದೆ. ದಿಂಬಿನ ಕವರು, ಕೈಚೀಲ ಹೊಲಿದ ಮೇಲೆ ಧೈರ್ಯ ಬಂತು. ದೀಪಾವಳಿಗೆ ಮಗಳಿಗೆ ನನ್ನ ಕೈಯ ಫ್ರಾಕು ಆಗಬೇಕು ಅಂತ ಆಸೆ ಪಟ್ಟೆ. ರಾತ್ರಿ ಕಂಪ್ಯೂಟರಿನಲ್ಲಿ ಬಟ್ಟೆ ಹುಡುಕಿದೆ. ಕಡುನೀಲಿ ಮೇಲೆ ಹಳದಿ ಹೂವು. ಚಿತ್ರದಲ್ಲಿ ಎಷ್ಟು ಚೆನ್ನಾಗಿತ್ತೆಂದರೆ ಕೆಳಗೆ ಬರೆದದ್ದನ್ನು ನಾನು ಓದಲೇ ಇಲ್ಲ. ಬಂದದ್ದು ವಿಸ್ಕೋಸ್ ಅನ್ನುವ ನುಣುಪು ಬಟ್ಟೆ. ಮೇಜಿನ ಮೇಲೆ ಹಾಸಿದರೆ ನೀರಿನ ಹಾಗೆ ಜಾರುತ್ತದೆ. ಹಿಡಿದು ಕತ್ತರಿಸುವಷ್ಟರಲ್ಲಿ ಇನ್ನೊಂದು ಕಡೆ ಸರಿದಿರುತ್ತದೆ. ಹೂವಿನ ಸಾಲು ನೋಡಿಕೊಂಡು ಕತ್ತರಿಸಿದೆ. ಎಳೆ ಯಾವ ಕಡೆ ಓಡುತ್ತಿದೆ ಅಂತ ನೋಡಲಿಲ್ಲ. ನೆನೆಸಿ ಒಣಗಿಸಿಕೊಳ್ಳಲೂ ಇಲ್ಲ. ಮೂರು ಸಂಜೆ ಕೂತು ಹೊಲಿದೆ. ಮಗಳು ಹಾಕಿಕೊಂಡು ಕುಣಿದಳು. ಒಂದು ಸಲ ಒಗೆದಿದ್ದೇ ತಡ, ಅರ್ಧ ಗೇಣು ಮೇಲಕ್ಕೆ ಹೋಯಿತು. ಪಕ್ಕದಲ್ಲಿ ಇರಬೇಕಾದ ಹೊಲಿಗೆ ತಿರುಚಿಕೊಂಡು ಹೊಟ್ಟೆಯ ಮೇಲೆ ಬಂತು.

ಬೇಲಿಯ ಹತ್ತಿರ ನಿಂತಿದ್ದ ಅಜ್ಜಿ ಅದನ್ನು ನೋಡಿ ಮಗಳನ್ನು ಕರೆದರು. ಫ್ರಾಕಿನ ಅಂಚನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒಮ್ಮೆ ಉಜ್ಜಿದರು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನು ನೀನು ಕಣ್ಣಿಂದ ಕೊಂಡಿದ್ದೀಯ. ಬಟ್ಟೆ ಕೊಳ್ಳುವುದು ಕೈಯಿಂದ" ಅಂದರು. ಒಂದು ಕ್ಷಣ ಬಿಟ್ಟು, "ನೀನು ಹತ್ತಿ ಊರಿನವಳು ಅಂದಿದ್ದೆಯಲ್ಲ?" ಅಂತ ಕೇಳಿದರು.

ಚುಚ್ಚಬೇಕು ಅಂತ ಕೇಳಿದ್ದಲ್ಲ. ಆದರೆ ಆ ಮಾತು ನನ್ನನ್ನು ವಾರಗಟ್ಟಲೆ ಬಿಡಲಿಲ್ಲ. ಯಾಕೆಂದರೆ ಅದನ್ನು ಹೇಳಿದ್ದು ನಾನೇ. ಬಂದ ಹೊಸದರಲ್ಲಿ, "ಹತ್ತಿ ಮಿಲ್ಲುಗಳಿಂದಾಗಿ ನಮ್ಮ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಾರೆ" ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಅದಕ್ಕೆ ಅಜ್ಜಿ, ತಾನು ಮ್ಯಾಂಚೆಸ್ಟರಿನ ಉತ್ತರಕ್ಕಿರುವ ಬರ್ನ್ಲಿ ಊರಿನವಳು, ಹದಿನೈದನೇ ವಯಸ್ಸಿಗೆ ಶಾಲೆ ಬಿಟ್ಟು ಮಗ್ಗದ ಮಿಲ್ಲು ಸೇರಿದವಳು ಅಂದಿದ್ದರು. ಅವತ್ತು ನಾನು ಮುಂದೆ ಏನೂ ಕೇಳಿರಲಿಲ್ಲ.

ಈ ಸಲ ಕೇಳಿದೆ. ತುಟಿಯ ಗುಟ್ಟು ಆಗ ಗೊತ್ತಾಯಿತು. ನೂರಾರು ಮಗ್ಗ ಒಟ್ಟಿಗೆ ಬಡಿಯುವ ಜಾಗದಲ್ಲಿ ಕಿವಿಗೆ ಏನೂ ಕೇಳುವುದಿಲ್ಲ. ಹಾಗಾಗಿ ಇಲ್ಲಿನ ಮಿಲ್ಲಿನ ಹೆಂಗಸರು ದನಿ ಇಲ್ಲದೆ, ತುಟಿ ದೊಡ್ಡದಾಗಿ ಆಡಿಸಿ ಮಾತಾಡುವುದನ್ನು ಕಲಿತಿದ್ದರು. ಅದಕ್ಕೆ ಅವರದೇ ಒಂದು ಹೆಸರು, ಮೀ-ಮಾಯಿಂಗ್. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾದರೂ ಅಜ್ಜಿಯ ಬಾಯಿಗೆ ಆ ಅಭ್ಯಾಸ ಉಳಿದಿದೆ. ಎಲ್ಲರ ಜೊತೆಯೂ ಹಾಗೇ ಮಾತಾಡುತ್ತಾರೆ. ನಾನು ಗಮನಿಸಿರಲಿಲ್ಲ ಅಷ್ಟೇ.

ಕೇಳುತ್ತಾ ಕೇಳುತ್ತಾ ನನಗೆ ಗಂಟಲು ಕಟ್ಟಿತು. ನಮ್ಮ ಮನೆಯಲ್ಲೂ ಅದೇ ಇತ್ತಲ್ಲ!

ಅಪ್ಪ ದಾವಣಗೆರೆಯ ಒಂದು ಮಿಲ್ಲಿನಲ್ಲಿ ಮಗ್ಗದ ಮುಂದೆ ಇಪ್ಪತ್ತು ವರ್ಷ ನಿಂತವರು. ರಾತ್ರಿ ಪಾಳಿ ಮುಗಿಸಿ ಬಂದರೆ ಹುಬ್ಬಿನ ಮೇಲೆ, ಕಿವಿಯ ಕೂದಲಲ್ಲಿ ಹತ್ತಿಯ ದೂಳು. ಕಿವಿ ಮಂದವಾಗಿತ್ತು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ದನಿಯೇ ಇಲ್ಲದೆ "ಊಟಕ್ಕೆ ಬರ್ರಿ" ಅಂತ ತುಟಿ ಆಡಿಸುತ್ತಿದ್ದಳು, ಅಪ್ಪ ಎದ್ದು ಬರುತ್ತಿದ್ದರು. ನಮಗೆ ಅದು ದಿನದ ಮಾತು. ಹೊರಗೆ ಮಾತ್ರ ಅಪ್ಪ ಜೋರಾಗಿ ಮಾತಾಡುತ್ತಿದ್ದರು. ಶಾಲೆಗೆ ಬಂದರೆ ಇಡೀ ಕಾರಿಡಾರಿಗೆ ಕೇಳಿಸುತ್ತಿತ್ತು. ನಾನು ಕಂಬದ ಹಿಂದೆ ಸರಿದು ನಿಲ್ಲುತ್ತಿದ್ದೆ. ಅದನ್ನು ನೆನೆದರೆ ಈಗಲೂ ನೋಯುತ್ತದೆ.

ಆಗಿನ್ನೂ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಅಷ್ಟರಲ್ಲಿ ಅಪ್ಪನ ಮಿಲ್ಲು ನಿಂತುಹೋಗಿತ್ತು. ಒಂದೊಂದಾಗಿ ಉಳಿದವೂ ನಿಂತವು. ಸುತ್ತಲಿನ ಹೊಲಗಳಲ್ಲಿ ಹತ್ತಿ ಹೋಗಿ ಮೆಕ್ಕೆಜೋಳ ಬಂತು.

ನಮ್ಮೂರಲ್ಲಿ ಬಟ್ಟೆ ಕೊಳ್ಳುವುದು ಅಂದರೆ ಚೌಕಿಪೇಟೆ. ಬಿಳಿ ಗಾದಿಯ ಮೇಲೆ ಅಂಗಡಿಯವರು ಥಾನು ಬಿಚ್ಚಿ ಎಸೆದರೆ ಬಟ್ಟೆ ಅಲೆಅಲೆಯಾಗಿ ಬಂದು ಅಮ್ಮನ ಮಡಿಲಿಗೆ ಬೀಳುತ್ತಿತ್ತು. ಅಮ್ಮ ಬಣ್ಣ ನೋಡುತ್ತಿದ್ದಳು, ಅಪ್ಪ ಬಣ್ಣ ಬಿಟ್ಟು ಉಳಿದದ್ದನ್ನೆಲ್ಲ ನೋಡುತ್ತಿದ್ದರು. ಎರಡು ಪದರ ಸೇರಿಸಿ ಉಜ್ಜುವರು. ಬಿಳಿ ಪುಡಿ ಉದುರಿದರೆ "ಗಂಜಿ ಜಾಸ್ತಿ ಐತಿ, ಒಗೆದ ಮ್ಯಾಲೆ ಜಾಳಾಗ್ತದ" ಅನ್ನುವರು. ಬೆಳಕಿಗೆ ಹಿಡಿದು ಎಳೆ ಎಷ್ಟು ಒತ್ತಾಗಿದೆ ಅಂತ ನೋಡುವರು. ಮುಷ್ಟಿಯಲ್ಲಿ ಹಿಂಡಿ ಬಿಟ್ಟು ಸುಕ್ಕು ಎಷ್ಟು ಉಳಿಯಿತು ಅಂತ ನೋಡುವರು. ಅಂಚಿನ ಉದ್ದಕ್ಕೆ ಎಳೆದರೆ ಹಾಸು, ಅದು ಸುಲಭಕ್ಕೆ ಬಗ್ಗುವುದಿಲ್ಲ. ಅಡ್ಡಕ್ಕೆ ಎಳೆದರೆ ಹೊಕ್ಕು, ಸ್ವಲ್ಪ ಕೊಡುತ್ತದೆ. ಓರೆಗೆ ಎಳೆದರೆ ರಬ್ಬರಿನ ಹಾಗೆ ಹಿಗ್ಗುತ್ತದೆ. ಅನುಮಾನ ಬಂದರೆ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರುತ್ತಿದ್ದರು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯವರು ಎಂದೂ ಬೇಡ ಅನ್ನಲಿಲ್ಲ. "ಮಿಲ್ಲಿನವರು" ಅಂತ ಗೌರವದಿಂದಲೇ ತೋರಿಸುತ್ತಿದ್ದರು.

ಬ್ಲೌಸಿನ ಲೈನಿಂಗ್ ಬಟ್ಟೆಯನ್ನು ರಾತ್ರಿಯೆಲ್ಲ ನೆನೆಸಿ, ಒಣಗಿಸಿಯೇ ಟೈಲರ್ ಕೈಗೆ ಕೊಡಬೇಕು ಅನ್ನುವುದು ನಮ್ಮಲ್ಲಿ ಯಾವ ಮನೆಯಲ್ಲಿ ಗೊತ್ತಿಲ್ಲ ಹೇಳಿ? ಗೊತ್ತಿದ್ದದ್ದೇ ನನಗೆ ಬೇಕಾದಾಗ ನೆನಪಾಗಲಿಲ್ಲ.

ಅಜ್ಜಿಯನ್ನು ಕರೆದುಕೊಂಡು ಒಂದು ಶನಿವಾರ ಬರ್ನ್ಲಿಗೆ ಹೋದೆವು. ಅಲ್ಲಿ ಕ್ವೀನ್ ಸ್ಟ್ರೀಟ್ ಮಿಲ್ ಅಂತ ಇದೆ. 1982ರಲ್ಲಿ ಮುಚ್ಚಿದ ಮಿಲ್ಲನ್ನು ಮ್ಯೂಸಿಯಂ ಮಾಡಿ ಉಳಿಸಿದ್ದಾರೆ. ಸುಮಾರು 300 ಮಗ್ಗಗಳಿವೆ, ಅವನ್ನು ಓಡಿಸುವ ಹಬೆ ಎಂಜಿನ್ ಇದೆ. ಎಂಜಿನ್ನಿಗೆ ಪೀಸ್, ಅಂದರೆ ಶಾಂತಿ, ಅಂತ ಹೆಸರು. ನೋಡಲು ಬಂದವರಿಗಾಗಿ ಕೆಲವು ಮಗ್ಗ ಓಡಿಸಿದರು. ಅಷ್ಟಕ್ಕೇ ಎದೆ ನಡುಗಿತು. ಎಲ್ಲವೂ ಓಡುತ್ತಿದ್ದಾಗ ಹೇಗಿದ್ದಿರಬೇಕು! ಮಗಳು ಕಿವಿ ಮುಚ್ಚಿಕೊಂಡಳು. ಆ ಗದ್ದಲದಲ್ಲಿ ಅಜ್ಜಿ ಮಗ್ಗದ ಆಚೆ ನಿಂತು ನನ್ನ ಕಡೆ ನೋಡಿ ತುಟಿ ಆಡಿಸಿದರು. ಟೀ ಕುಡಿಯೋಣವಾ ಅಂತ. ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ನಾನೂ ದನಿಯಿಲ್ಲದೆ ಹೂಂ ಅಂದೆ. ಅಜ್ಜಿಗೆ ಆಶ್ಚರ್ಯ, ಎಲ್ಲಿ ಕಲಿತೆ ಅಂತ ಆಮೇಲೆ ಎರಡು ಸಲ ಕೇಳಿದರು.

ಮ್ಯಾಂಚೆಸ್ಟರಿನ ಪೇಟೆ ನಡುವೆ ಹಳೆಯ ಹತ್ತಿ ವಿನಿಮಯ ಕೇಂದ್ರ ಇದೆ, ರಾಯಲ್ ಎಕ್ಸ್‌ಚೇಂಜ್. ಈಗ ಅದು ನಾಟಕ ಮಂದಿರ. 1968ರಲ್ಲಿ ವ್ಯಾಪಾರ ನಿಂತ ದಿನದ ದರಗಳು ಗೋಡೆಯ ಮೇಲಿನ ದೊಡ್ಡ ಬೋರ್ಡಿನಲ್ಲಿ ಇವತ್ತಿಗೂ ಹಾಗೇ ಇವೆ. ಇವರ ಮಿಲ್ಲಿನ ಬಟ್ಟೆಯಿಂದ ನಮ್ಮ ನೇಕಾರರ ಹೊಟ್ಟೆಗೆ ಏನಾಯಿತು ಅನ್ನುವುದು ನನಗೆ ಮರೆತಿಲ್ಲ. ಆದರೂ ಆ ಬೋರ್ಡಿನ ಕೆಳಗೆ ನಿಂತಾಗ ಹೊಟ್ಟೆಕಿಚ್ಚು ಆಯಿತು. ಅಪ್ಪ ದುಡಿದ ಮಿಲ್ಲಿನ ಜಾಗದಲ್ಲಿ ಈಗ ಸೈಟುಗಳು. ಒಂದು ಮಗ್ಗ ಉಳಿಸಿ ಇಡಬಹುದಿತ್ತಲ್ಲ? ದಾವಣಗೆರೆ ಅಂದ ಕೂಡಲೇ ಎಲ್ಲರೂ ಬೆಣ್ಣೆ ದೋಸೆ ಅನ್ನುತ್ತಾರೆ. ನನಗೂ ಅದು ಪ್ರಾಣ. ಆದರೆ ಬೆಳಗಿನ ಪಾಳಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ಅಷ್ಟೊಂದು ಜನ, ಅವರ ಬೆರಳಿಗೆ ಗೊತ್ತಿದ್ದ ವಿದ್ಯೆ, ಅದನ್ನು ಯಾರು ಕೇಳಿ ಬರೆದುಕೊಂಡರು? ನಾನು ಮಗಳಾಗಿ ಕೇಳಲಿಲ್ಲ, ಇನ್ನು ಊರನ್ನು ಏನನ್ನಲಿ.

ಹೋದ ವಾರ ಅಜ್ಜಿಯ ಜೊತೆಯೇ ಬಟ್ಟೆ ಅಂಗಡಿಗೆ ಹೋದೆ. ತುಂಡು ಬಟ್ಟೆಗಳನ್ನು ತೂಕಕ್ಕೆ ಮಾರುವ ಅಂಗಡಿ, ನಮ್ಮಲ್ಲಿ ತರಕಾರಿ ತೂಗಿದ ಹಾಗೆ. ಅಲ್ಲಿ ಕಣ್ಣು ಮುಚ್ಚಿಕೊಂಡು ಮೊದಲು ಮುಟ್ಟಿದೆ. ಉಜ್ಜಿದೆ, ಹಿಂಡಿದೆ, ಬೆಳಕಿಗೆ ಹಿಡಿದೆ. ಕೊನೆಗೆ ಸಾದಾ ಹತ್ತಿ ಪಾಪ್ಲಿನ್ ತೆಗೆದುಕೊಂಡೆ. ಜಾರುವುದಿಲ್ಲ, ಇಟ್ಟಲ್ಲಿ ಇರುತ್ತದೆ, ಇಸ್ತ್ರಿಗೆ ಮಡಿಕೆ ಕೂರುತ್ತದೆ. ಹೊಸದಾಗಿ ಹೊಲಿಯುವವರಿಗೆ ಅದಕ್ಕಿಂತ ಒಳ್ಳೆಯ ಬಟ್ಟೆ ಇಲ್ಲ. ಹೂವಿನ ಬಟ್ಟೆ ಬೇಕು ಅಂತ ಮಗಳು ಮುಖ ಸಣ್ಣದು ಮಾಡಿದಳು. ಹಳದಿ ಬಣ್ಣ ನೋಡಿ ಒಪ್ಪಿದಳು.

ಭಾನುವಾರ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ನೆನೆಸಿ ಒಣಗಿಸಿದ ಬಟ್ಟೆಯನ್ನು ಫೋನಿನ ಹತ್ತಿರ ಹಿಡಿದೆ. ಅಪ್ಪ ಕನ್ನಡಕ ಹಾಕಿಕೊಂಡು, "ಅಂಚು ತೋರ್ಸು" ಅಂದರು. ತೋರಿಸಿದೆ. "ಇನ್ನೂ ಹತ್ರ" ಅಂದರು. ಆಮೇಲೆ, "ಕತ್ತರಿ ಆಡಿಸಬ್ಯಾಡ. ಅಂಚಿನಲ್ಲಿ ಒಂದು ಚೂರು ಕೊಯ್ದು ಹರಿ. ಅದೇ ಎಳೆ ಹಿಡಕಂಡು ಹೋಗ್ತದ" ಅಂದರು. ಅಮ್ಮ ಪಕ್ಕದಲ್ಲಿ ನಿಂತು ನಾನು ಹೇಳಿದ್ದನ್ನೆಲ್ಲ ತುಟಿಯಲ್ಲಿ ಅಪ್ಪನಿಗೆ ದಾಟಿಸುತ್ತಿದ್ದಳು.

ಸ್ವಲ್ಪ ಕೊಯ್ದು, ಎರಡೂ ಕೈಯಲ್ಲಿ ಹಿಡಿದು ಎಳೆದೆ. ಪರ್ರ್ ಅಂತ ಚೌಕಿಪೇಟೆಯ ಅದೇ ಸದ್ದು. ಅಪ್ಪನಿಗೆ ಅದು ಕೇಳಿಸಿರುವುದಿಲ್ಲ. ಹರಿದ ಅಂಚನ್ನೇ ನೋಡುತ್ತಾ ಕೂತಿದ್ದರು.

"ನೇರ ಬಂತು ನೋಡು" ಅಂದರು.