ಮೂರನೆಯ ಬಾಣಂತನದ ನಂತರ: ಮೊದಲು ಒಳಗಿನ ಬಿಗಿ, ಆಮೇಲೆ ತೂಕ

ಮುಂಬೈಯ ಕನ್ನಡ ಮನೆಗಳಲ್ಲಿ ಚೊಚ್ಚಲ ಹೆರಿಗೆಗೆ ತವರಿನ ಮೂರು ತಿಂಗಳ ಬಾಣಂತನ ಇನ್ನೂ ಉಳಿದಿದೆ. ಎರಡನೆಯದಕ್ಕೆ ಅದು ಅರ್ಧವಾಗುತ್ತದೆ. ಮೂರನೆಯದಕ್ಕೆ ಊರಿನಿಂದ ಅಮ್ಮ ಬಂದು ತಿಂಗಳು ನಿಂತರೆ ಅದೇ ಹೆಚ್ಚು. ದೊಡ್ಡ ಮಕ್ಕಳಿಗೆ ಏಳು ಗಂಟೆಗೆ ಶಾಲೆಯ ಡಬ್ಬಿ ಆಗಬೇಕು, ಬೆಳಿಗ್ಗೆ ನಳ ಬಿಟ್ಟಾಗ ನೀರು ಹಿಡಿಯಬೇಕು. ಹಾಗಾಗಿ ತೊಟ್ಟಿಲ ಶಾಸ್ತ್ರ ಮುಗಿಯುವಷ್ಟರಲ್ಲಿ ಬಾಣಂತಿ ಒಲೆಯ ಮುಂದೆ ನಿಂತಿರುತ್ತಾಳೆ. ಕಾನೂನೂ ಹೀಗೇ ಎಣಿಸುತ್ತದೆ. 2017ರ ತಿದ್ದುಪಡಿ ಬಂದಾಗಿನಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ, ಈಗಾಗಲೇ ಎರಡು ಮಕ್ಕಳಿದ್ದವರಿಗೆ 12 ವಾರ.

ಮೈಯ ಲೆಕ್ಕ ಇದಕ್ಕೆ ಉಲ್ಟಾ. ಪ್ರತಿ ಬಸಿರಿನಲ್ಲೂ ಹೊಟ್ಟೆಯ ಎಡಬಲದ ಸ್ನಾಯುಗಳು ಕೂಡುವ ನಡುಗೆರೆ ಮತ್ತೊಮ್ಮೆ ಹಿಗ್ಗುತ್ತದೆ, ಮೂತ್ರಚೀಲವನ್ನೂ ಗರ್ಭಕೋಶವನ್ನೂ ಕೆಳಗಿನಿಂದ ಹೊತ್ತ ಸ್ನಾಯುಗಳು ಮತ್ತೊಮ್ಮೆ ಸಡಿಲವಾಗುತ್ತವೆ. ಹಾಲೂಡುವಾಗ ಕಿಬ್ಬೊಟ್ಟೆ ಹಿಂಡುವ ನೋವೂ ಸಲದಿಂದ ಸಲಕ್ಕೆ ಜೋರಾಗುತ್ತದೆ. ಮೂರನೆಯ, ನಾಲ್ಕನೆಯ ಬಾಣಂತಿಗೆ ಚೊಚ್ಚಲಿನವಳಿಗಿಂತ ಹೆಚ್ಚು ದಿನ ಬೇಕು, ಸಿಗುವುದು ಕಡಿಮೆ. ಅದಕ್ಕೇ ಏನನ್ನು ಮೊದಲು ಮಾಡಬೇಕು, ಏನನ್ನು ಆಮೇಲೆ ಎನ್ನುವುದು ಇಲ್ಲಿ ತುಂಬಾ ಮುಖ್ಯ. ತೂಕದ ಯಂತ್ರವನ್ನು ಮೂರು ತಿಂಗಳು ಮಂಚದ ಕೆಳಗಿಡಿ.

ಮೊದಲ ಕೆಲಸ ಕೆಳಗಿನ ಸ್ನಾಯುಗಳದ್ದು. ಡಾಕ್ಟರು ಪೆಲ್ವಿಕ್ ಫ್ಲೋರ್ ಅನ್ನುವುದು ಇದನ್ನೇ, ವ್ಯಾಯಾಮದ ಹೆಸರು ಕೆಗೆಲ್. ಸಹಜ ಹೆರಿಗೆಯಾಗಿ ಗಾಯ ವಿಪರೀತ ನೋಯದಿದ್ದರೆ ಒಂದೆರಡು ದಿನದಲ್ಲೇ ಶುರು ಮಾಡಬಹುದು. ಸಿಸೇರಿಯನ್ ಆಗಿದ್ದರೆ ಮೂತ್ರದ ನಳಿಕೆ ತೆಗೆದು, ತಾನಾಗಿ ಮೂತ್ರ ಹೋಗತೊಡಗಿದ ಮೇಲೆ. ಮಗ್ಗುಲಾಗಿ ಮಲಗಿ, ಒಂದು ಸಲ ನಿಧಾನ ಉಸಿರೆಳೆದು ಹೊಟ್ಟೆ, ಪಕ್ಕೆ ಅಗಲವಾಗಲು ಬಿಡಿ. ಉಸಿರು ಬಿಡುವಾಗ ಗಾಳಿ ಹೋಗದಂತೆ ತಡೆಯುವ ಹಾಗೆ ಹಿಂದಿನಿಂದ ಬಿಗಿಯುತ್ತ, ಮೂತ್ರ ತಡೆಯುವ ಹಾಗೆ ಮುಂದಕ್ಕೆ ತಂದು, ಒಳಕ್ಕೆ ಮೇಲಕ್ಕೆ ಎಳೆದುಕೊಳ್ಳಿ. 3ರಿಂದ 5 ಸೆಕೆಂಡ್ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ವಾರಗಳು ಕಳೆದಂತೆ 10 ಸೆಕೆಂಡಿಗೆ ಏರಿಸಿ, ಕೊನೆಗೆ 10 ಚುರುಕಿನ ಬಿಗಿತಗಳನ್ನು ಸೇರಿಸಿ. ಮಕ್ಕಳಿರುವ ಮನೆಯಲ್ಲಿ ಇದಕ್ಕೆ ಬೇರೆ ಹೊತ್ತು ಸಿಗುವುದಿಲ್ಲ, ಆದ್ದರಿಂದ ಹಾಲೂಡುವುದಕ್ಕೆ ಗಂಟು ಹಾಕಿ. ಮಗು ಬಾಯಿ ಹಾಕಿತು ಅಂದರೆ ಒಂದು ಸುತ್ತು ಶುರು.

ತಪ್ಪಾಗುವ ಜಾಗಗಳು ಗೊತ್ತಿರುವವೇ. ಉಸಿರು ಬಿಗಿಹಿಡಿದರೆ ಒತ್ತಡ ಕೆಳಕ್ಕೇ ಬೀಳುತ್ತದೆ. ಪೃಷ್ಠ, ತೊಡೆ ಬಿಗಿದರೆ ಒಳಗಿನ ಸ್ನಾಯುಗೆ ಕೆಲಸವೇ ಆಗುವುದಿಲ್ಲ. ಕೆಲವರು ಎಳೆದುಕೊಳ್ಳುವ ಬದಲು ಕೆಳಕ್ಕೆ ಮುಕ್ಕುತ್ತಾರೆ, ಇದರಿಂದ ಹಾನಿಯೇ ಹೆಚ್ಚು. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ, ಚೀಲ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ. ಕೆಮ್ಮಿದಾಗ, ಸೀನಿದಾಗ ಹನಿ ಸೋರುವುದು ಕಡಿಮೆಯಾಗಲು ಸುಮಾರು ಮೂರು ತಿಂಗಳ ದಿನನಿತ್ಯದ ಅಭ್ಯಾಸ ಬೇಕು. "ಮೂರು ಹೆತ್ತ ಮೇಲೆ ಇದೆಲ್ಲ ಇದ್ದದ್ದೇ" ಎಂದು ಅತ್ತೆ, ಅಕ್ಕಂದಿರು ಸಮಾಧಾನ ಹೇಳುತ್ತಾರೆ. ಮೂರು ತಿಂಗಳಾದರೂ ಸೋರುತ್ತಿದ್ದರೆ, ಕೆಳಗೆ ಏನೋ ಜಾರಿ ಬಂದಂತೆ ಭಾರವೆನಿಸಿದರೆ ಹೆರಿಗೆ ಡಾಕ್ಟರಿಗೆ ತೋರಿಸಿ, ಫಿಸಿಯೋಥೆರಪಿಗೆ ಚೀಟಿ ಬರೆಸಿಕೊಳ್ಳಿ. ಇದಕ್ಕೆ ಚಿಕಿತ್ಸೆ ಇದೆ.

ಇನ್ನು ಎತ್ತುವ ವಿಷಯ. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. 15 ಲೀಟರಿನ ಬಕೆಟ್ ತುಂಬಿದರೆ 15 ಕಿಲೋ. ಎರಡು ವರ್ಷದ ಮಗು ಸುಮಾರು 12 ಕಿಲೋ, ಅದಕ್ಕೆ ಹೊಸ ಪಾಪುವಿನ ಮೇಲೆ ಹೊಟ್ಟೆಕಿಚ್ಚು, ದಿನಕ್ಕೆ ಹತ್ತು ಸಲ ಎತ್ತಿಕೋ ಅನ್ನುತ್ತದೆ. ಸಿಸೇರಿಯನ್ ಆದವರು ಆರು ವಾರ ಪಾಪುವಿಗಿಂತ ಭಾರದ್ದನ್ನು ಎತ್ತಬಾರದು. ಸಹಜ ಹೆರಿಗೆಯವರಿಗೂ ಅಷ್ಟು ದಿನ ನೀರು, ಸಿಲಿಂಡರ್, ಒದ್ದೆ ಬಟ್ಟೆಯ ಬಕೆಟ್ ಬೇಡ. ಆ ಮೂರು ಕೆಲಸ ಗಂಡನದು, ಹತ್ತು ದಾಟಿದ ಮಗನೋ ಮಗಳೋ ಇದ್ದರೆ ಚಿಕ್ಕ ಕೊಡದಲ್ಲಿ ನೀರು ತುಂಬಲಿ. ನಡುವಿನ ಮಗು ಎತ್ತಿಕೋ ಎಂದಾಗ ನೀವು ಮಂಚದ ಮೇಲೆ ಕೂತು ಅದನ್ನೇ ಹತ್ತಿಸಿಕೊಂಡು ತಬ್ಬಿಕೊಳ್ಳಿ. ಅದಕ್ಕೆ ಬೇಕಾದದ್ದು ಅಪ್ಪುಗೆ. ಎತ್ತಲೇಬೇಕಾದಾಗ ಹತ್ತಿರ ಹೋಗಿ, ಮೊಣಕಾಲು ಮಡಿಸಿ, ವಸ್ತುವನ್ನು ಮೈಗೆ ತಾಗಿಸಿಕೊಂಡು, ಉಸಿರು ಬಿಡುತ್ತ ಕೆಳಗಿನ ಬಿಗಿ ಹಿಡಿದೇ ಏಳಿ. ಹಾಸಿಗೆಯಿಂದ ನೇರವಾಗಿ ಎದ್ದು ಕೂರಬಾರದು. ಮೊದಲು ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಬೇಕು.

ಆರನೇ ವಾರದ ತಪಾಸಣೆ ಆದ ಮೇಲೆ ಹೊಟ್ಟೆಯ ನಡುಗೆರೆ ನೋಡಿಕೊಳ್ಳಿ. ಬೆನ್ನ ಮೇಲೆ ಮಲಗಿ, ಮೊಣಕಾಲು ಮಡಿಸಿ, ಬೆರಳುಗಳನ್ನು ಹೊಕ್ಕುಳ ಮೇಲೆ ಅಡ್ಡಲಾಗಿ ಇಟ್ಟು ತಲೆಯನ್ನಷ್ಟೇ ಎತ್ತಿ. ಎರಡೂ ಕಡೆಯ ಸ್ನಾಯು ಬೆರಳಿಗೆ ಒತ್ತುವುದು ತಿಳಿಯುತ್ತದೆ. ಹೊಕ್ಕುಳ ಮೇಲೊಂದು ಸಲ, ಕೆಳಗೊಂದು ಸಲ ನೋಡಿ. ಎರಡು ಬೆರಳಿಗಿಂತ ಹೆಚ್ಚು ಅಂತರವಿದ್ದರೆ, ಅಥವಾ ತಲೆ ಎತ್ತಿದಾಗ ನಡುವೆ ಗುಡ್ಡದಂತೆ ಉಬ್ಬಿದರೆ ಕ್ರಂಚಸ್, ಪ್ಲಾಂಕ್, ಎರಡೂ ಕಾಲು ಒಟ್ಟಿಗೆ ಎತ್ತುವುದು, ನೌಕಾಸನ, ಕಪಾಲಭಾತಿ ಸದ್ಯಕ್ಕೆ ಬಿಡಿ. ಹೊಟ್ಟೆ ಕರಗಲಿ ಎಂದು ಎಲ್ಲರೂ ಮೊದಲು ಹಿಡಿಯುವುದೇ ಇವನ್ನು. ತೆರೆದ ನಡುಗೆರೆಯನ್ನು ಒಳಗಿನಿಂದ ಇನ್ನಷ್ಟು ತಳ್ಳುವವೂ ಇವೇ.

ಬದಲಿಗೆ ಒಂದು ಚಾಪೆಯ ಜಾಗ ಸಾಕು. ಬೆನ್ನ ಮೇಲೆ ಮಲಗಿ ಒಂದೊಂದೇ ಹಿಮ್ಮಡಿಯನ್ನು ನೆಲದ ಮೇಲೆ ಜಾರಿಸುತ್ತ ಚಾಚಿ ಮಡಿಸುವುದು, ಸೇತುಬಂಧಾಸನದಂತೆ ಸೊಂಟ ಎತ್ತಿಳಿಸುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಕೈ-ಮೊಣಕಾಲ ಮೇಲೆ ನಿಂತು ಒಂದು ಕೈ ಮತ್ತು ಎದುರು ಕಾಲು ಚಾಚುವುದು. ಒಂದೊಂದೂ 8ರಿಂದ 10 ಸಲ, ಎರಡು ಸುತ್ತು, ವಾರಕ್ಕೆ ಮೂರು ನಾಲ್ಕು ದಿನ. ಶ್ರಮದ ಭಾಗದಲ್ಲಿ ಉಸಿರು ಹೊರಕ್ಕೆ. ನಡುಗೆರೆ ಉಬ್ಬಿದರೆ ಆ ವ್ಯಾಯಾಮ ಇನ್ನೂ ನಿಮ್ಮ ಮಟ್ಟಕ್ಕಿಂತ ಮೇಲಿದೆ ಎಂದರ್ಥ, ಹಗುರದ್ದಕ್ಕೆ ಇಳಿಯಿರಿ. ಹಾಲೂಡಿದ ಮೇಲೆ ಮಾಡಿದರೆ ಎದೆ ಹಗುರವಿರುತ್ತದೆ. ಹದವಾದ ವ್ಯಾಯಾಮದಿಂದ ಹಾಲು ಬತ್ತುವುದಿಲ್ಲ.

ಹೊಟ್ಟೆ ಕಟ್ಟುವುದರ ಬಗ್ಗೆ ಎರಡು ಮಾತು. ಸಿಸೇರಿಯನ್ ನಂತರ ಕೆಮ್ಮುವಾಗ, ನಡೆಯುವಾಗ ಬೆಲ್ಟ್ ಆಸರೆ ಕೊಡುತ್ತದೆ. ಹಳೆಯ ನೂಲಿನ ಸೀರೆಯೂ ನಡೆಯುತ್ತದೆ. ಸೊಂಟದಿಂದ ಶುರು ಮಾಡಿ ಮೇಲಕ್ಕೆ ಸುತ್ತಿ, ಒಳಗೆ ಅಂಗೈ ತೂರುವಷ್ಟು ಸಡಿಲವಿರಲಿ. ಮೇಲಿನಿಂದ ಗಟ್ಟಿ ಬಿಗಿದರೆ ಒತ್ತಡವೆಲ್ಲ ಕೆಳಗಿನ ಸಡಿಲ ಸ್ನಾಯುಗಳ ಮೇಲೆ. ಮಾಲಿಶ್ ಮಾಡುವ ಹೆಂಗಸಿಗೆ ಹೊಲಿಗೆಯ ಜಾಗ ಮುಟ್ಟಬೇಡ ಎನ್ನಿ. ಒಂದೇ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅದನ್ನು ತಿಕ್ಕಿಸಲೇಬಾರದು. ರಕ್ತ ಹೆಪ್ಪುಗಟ್ಟಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ. ಗಂಟೆಗೊಂದು ಪ್ಯಾಡ್ ತೊಯ್ಯುವ ರಕ್ತಸ್ರಾವ, ಜ್ವರ, ಎದೆನೋವು, ಕಣ್ಣು ಮಂಜಾಗುವ ತಲೆನೋವು ಬಂದರೂ ಅಷ್ಟೇ ತುರ್ತು. ಕಡಿಮೆಯಾಗುತ್ತ ಬಂದ ಸ್ರಾವ ಕೆಲಸ ಮಾಡಿದ ದಿನ ಮತ್ತೆ ಕೆಂಪಾದರೆ, ಆ ಕೆಲಸ ಮೈಗೆ ಹೆಚ್ಚಾಯಿತು.

ಊಟ ಕಡಿತ ಮಾಡುವ ಕಾಲ ಇದಲ್ಲ. ಬರೀ ಎದೆಹಾಲು ಕೊಡುವ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು, ಮುಂದಿನ ಆರು ತಿಂಗಳು 520. ಆದರೆ ಲೆಕ್ಕ ತಿಳಿದಿರಲಿ. ತುಪ್ಪ, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ ಹಾಕಿದ 40 ಗ್ರಾಮಿನ ಅಂಟಿನ ಉಂಡೆ ಒಂದಕ್ಕೆ 200 ಕ್ಯಾಲೊರಿಯ ಆಸುಪಾಸು. ಮೂರು ಉಂಡೆಗೆ ಆ ಹೆಚ್ಚುವರಿ ಪೂರ್ತಿ ಮುಗಿಯಿತು, ಅನ್ನದ ಮೇಲಿನ ತುಪ್ಪ ಬೇರೆ. ದಿನಕ್ಕೊಂದು ಉಂಡೆ ಇಟ್ಟುಕೊಂಡು ಉಳಿದದ್ದನ್ನು ಬೇಳೆ, ಮೊಳಕೆ ಕಾಳು, ಮೊಟ್ಟೆ, ಮೊಸರು, ಮೀನು, ಸಬ್ಬಸಿಗೆ ಸೊಪ್ಪಿನಿಂದ ತುಂಬಿ. ಸಬ್ಬಸಿಗೆ ಇಲ್ಲಿನ ಬಾಜಿ ಮಾರ್ಕೆಟ್ಟಿನಲ್ಲಿ ಶೇಪು ಅಂತ ಸಿಗುತ್ತದೆ, ಅಳವಿ ಬೀಜ ಅಳೀವ ಅಂತ. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ತಾಯಿ ತಿಂದು ಮುಗಿಸುವ ರೂಢಿ ದೊಡ್ಡ ಸಂಸಾರಗಳಲ್ಲಿ ತೂಕ ಇಳಿಯದಿರಲು ದೊಡ್ಡ ಕಾರಣ. ನಿಮ್ಮ ತಟ್ಟೆ ಮೊದಲೇ ಬಡಿಸಿಟ್ಟು, ಕೂತು ಉಣ್ಣಿ. ಮೂರು ತಿಂಗಳ ನಂತರ ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು.

ಸುಸ್ತನ್ನೆಲ್ಲ ನಿದ್ದೆಗೆಟ್ಟದ್ದರ ಮೇಲೆ ಹಾಕಬೇಡಿ, ಹಿಮೋಗ್ಲೋಬಿನ್ ನೋಡಿಸಿ. ಹೆರಿಗೆಯ ನಂತರ 180 ದಿನ ಕಬ್ಬಿಣದ ಮಾತ್ರೆ ತೆಗೆದುಕೊಳ್ಳಬೇಕೆಂಬುದು ಸರ್ಕಾರಿ ಕ್ರಮ, ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ಅದನ್ನು ಚಹಾದ ಜೊತೆಗಾಗಲಿ ಕ್ಯಾಲ್ಸಿಯಂ ಮಾತ್ರೆಯ ಜೊತೆಗಾಗಲಿ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಎರಡು ಗಂಟೆ ಅಂತರ ಕೊಡಿ, ಜೊತೆಗೆ ನಿಂಬೆ ನೀರು ಕುಡಿಯಿರಿ. ಮಲಬದ್ಧತೆ ಆದರೆ ಮುಕ್ಕದೆ ಡಾಕ್ಟರಿಗೆ ಹೇಳಿ ಮಾತ್ರೆ ಬದಲಿಸಿಕೊಳ್ಳಿ.

ನಡಿಗೆ ಮೊದಲ ವಾರದಿಂದಲೇ ಮನೆಯೊಳಗೆ ಐದೈದು ನಿಮಿಷ, ಆಮೇಲೆ ಬಿಲ್ಡಿಂಗಿನ ಗಚ್ಚಿಯ ಮೇಲೆ ಅಥವಾ ಮಕ್ಕಳನ್ನು ಶಾಲೆಗೆ ಬಿಡುವ ದಾರಿಯಲ್ಲಿ. ಕೊನೆಗೆ ವಾರಕ್ಕೆ 150 ನಿಮಿಷ ತಲುಪಿದರೆ ಒಳ್ಳೆಯದು. ಓಟ, ಹಗ್ಗದ ಜಿಗಿತ, ನವರಾತ್ರಿಯ ಗರ್ಬಾ 12 ವಾರದ ಮುಂಚೆ ಬೇಡ. ಆಮೇಲೂ ಒಂದೇ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲಲು, ಅರ್ಧ ಗಂಟೆ ಬಿರುಸಾಗಿ ನಡೆಯಲು, ಸೋರದೆ ನಿಂತಲ್ಲೇ ಜಿಗಿಯಲು ಆದರೆ ಮಾತ್ರ. ಕೆಲಸಕ್ಕೆ ಮರಳುವವರು ರಜೆ ಮುಗಿಯುವ ಎರಡು ವಾರ ಮೊದಲೇ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲುಗಳನ್ನು ಕಂಬಿ ಹಿಡಿದು ಹತ್ತಿಳಿಯುವ ಅಭ್ಯಾಸ ಮಾಡಿ. ಲ್ಯಾಪ್‌ಟಾಪ್ ಬೆನ್ನಿಗಿರಲಿ, ಒಂದೇ ಹೆಗಲಿಗೆ ಬೇಡ.

ಇನ್ನೊಂದು ಬಸಿರಿಗೆ ಕನಿಷ್ಠ 24 ತಿಂಗಳ ಅಂತರ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಲೂಡುತ್ತಿದ್ದೇನೆ, ಮುಟ್ಟು ಬಂದಿಲ್ಲ ಎಂಬ ಭರವಸೆ ಬರೀ ಎದೆಹಾಲಿನ ಮೊದಲ ಆರು ತಿಂಗಳಿಗಷ್ಟೇ. ಕಾಪರ್-ಟಿಯನ್ನು ಹೆರಿಗೆಯಾದ 48 ಗಂಟೆಯೊಳಗೆ, ಇಲ್ಲವೇ ಆರು ವಾರದ ನಂತರ ಹಾಕಿಸಿಕೊಳ್ಳಬಹುದು. ಆರನೇ ವಾರದ ತಪಾಸಣೆಗೆ ಹೋದಾಗಲೇ ಈ ಮಾತು ಎತ್ತಿ, ಗಂಡನನ್ನೂ ಜೊತೆಗೆ ಕೂರಿಸಿಕೊಳ್ಳಿ.