ಕ್ರಿಕೆಟ್ ಬಲ್ಲ ಮಕ್ಕಳಿಗೆ ಸಾಫ್ಟ್‌ಬಾಲ್ ಹೇಳಿಕೊಡುವಾಗ

ಹಾಸನದ ಬೇಸಿಗೆ ಶಿಬಿರಕ್ಕೆ ಸಾಫ್ಟ್‌ಬಾಲ್ ಕಲಿಯಲು ಬರುವ ಮಕ್ಕಳಲ್ಲಿ ಹೆಚ್ಚಿನವರು ಮೊದಲೇ ಕ್ರಿಕೆಟ್ ಆಡಿ ಪಳಗಿದವರು. ಶ್ರೀನಾಥ್ ಅವರ ಹೆಸರಿನೊಂದಿಗೆ ದೇಶಕ್ಕೆಲ್ಲ ಪರಿಚಯವಾದ ಜಾವಗಲ್ ಇರುವ ಜಿಲ್ಲೆಯಲ್ಲಿ ಇದು ಸಹಜವೇ. ಈ ವರ್ಷ ಮುಖ್ಯ ತರಬೇತುದಾರರಿಗೆ ಸಹಾಯಕಿಯಾಗಿ ಕೆಲಸ ಮಾಡಿದ ನನಗೆ, ಆ ಕ್ರಿಕೆಟ್ ಅಭ್ಯಾಸವನ್ನು ದೋಷವೆಂದು ತಿದ್ದಲು ಹೊರಡುವುದಕ್ಕಿಂತ, ಅದರಲ್ಲಿ ಯಾವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ, ಯಾವುದು ಅಡ್ಡ ಬರುತ್ತದೆ ಎಂದು ಮಕ್ಕಳಿಗೇ ತೋರಿಸಿಕೊಡುವುದು ಹೆಚ್ಚು ಫಲಕಾರಿ ಎನಿಸಿತು.

ಅಡ್ಡ ಬರುವುದು ಮುಖ್ಯವಾಗಿ ಓಟದಲ್ಲಿ. ಕ್ರಿಕೆಟ್‌ನಲ್ಲಿ ಚೆಂಡನ್ನು ತಡೆದು ನಿಂತಲ್ಲೇ ನಿಲ್ಲಬಹುದು; ಸಾಫ್ಟ್‌ಬಾಲ್‌ನಲ್ಲಿ ಹೊಡೆಯುವ ಜಾಗದಿಂದ ಎರಡು ಬದಿಗೆ ಎಳೆದ ಸುಣ್ಣದ ಗೆರೆಗಳ ನಡುವೆ ಚೆಂಡು ಬಿದ್ದಿತೆಂದರೆ ಓಡಲೇಬೇಕು. ನಮ್ಮ ಮಕ್ಕಳು ಚೆನ್ನಾಗಿ ಹೊಡೆದು, ಚೆಂಡು ಎಲ್ಲಿ ಹೋಯಿತೆಂದು ನೋಡುತ್ತ ನಿಂತು, ಆಮೇಲೆ ಬ್ಯಾಟನ್ನು ಹಿಡಿದುಕೊಂಡೇ ಓಡುತ್ತಿದ್ದರು. ಬ್ಯಾಟನ್ನು ಎಸೆಯದೆ ಕಾಲ ಬಳಿ ಬಿಟ್ಟು ಹೊರಡುವುದನ್ನು ಚೆಂಡಿಲ್ಲದೆಯೇ ಮತ್ತೆ ಮತ್ತೆ ಮಾಡಿಸಿದೆವು. ಓಡುವವರು ಒಂದೊಂದಾಗಿ ಮುಟ್ಟುತ್ತ ಹೋಗಬೇಕಾದ ನೆಲೆಗಳೇ ಬೇಸ್‌ಗಳು; ಮೊದಲ ಬೇಸ್ ಇರುವುದು 60 ಅಡಿ ದೂರದಲ್ಲಿ. ಅದನ್ನು ಮುಟ್ಟಿ ಅದೇ ವೇಗದಲ್ಲಿ ನೇರ ಮುಂದಕ್ಕೆ ಓಡಿಹೋದರೂ ಔಟ್ ಆಗುವುದಿಲ್ಲ. ಎರಡನೆಯ ಮತ್ತು ಮೂರನೆಯ ಬೇಸ್‌ಗಳಲ್ಲಿ ಮಾತ್ರ ಅಲ್ಲಿಯೇ ನಿಲ್ಲಬೇಕು. ಇದು ಅರ್ಥವಾದ ಮೇಲೆ ಬೇಸ್ ಹತ್ತಿರ ಬರುತ್ತಿದ್ದಂತೆ ವೇಗ ತಗ್ಗಿಸುವ ರೂಢಿ ತಾನಾಗಿಯೇ ಹೋಯಿತು.

ಎಲ್ಲ ಮಕ್ಕಳಿಗೂ ಬ್ಯಾಟಿಂಗ್ ಬೇಕು. ಆದರೆ ಒಬ್ಬರು ಹೊಡೆಯುವಾಗ ಉಳಿದವರು ಸಾಲಿನಲ್ಲಿ ಕಾಯುತ್ತಾರೆ, ಕಾಯುವ ಮಗು ಏನನ್ನೂ ಕಲಿಯುವುದಿಲ್ಲ. ಆದ್ದರಿಂದ ಬೆಳಗಿನ ಹೊತ್ತಿನ ಬಹುಪಾಲು ಜೋಡಿಯಾಗಿ ಎಸೆಯುವುದಕ್ಕೂ ಹಿಡಿಯುವುದಕ್ಕೂ ಮೀಸಲಿಡಬೇಕೆಂದು ನಾನು ಒತ್ತಾಯಿಸಿದೆ, ತರಬೇತುದಾರರೂ ಒಪ್ಪಿದರು. ದೊಡ್ಡವರ ಚೆಂಡಿನ ಸುತ್ತಳತೆ 12 ಇಂಚು, ತೂಕವೂ ಕ್ರಿಕೆಟ್ ಚೆಂಡಿಗಿಂತ ಹೆಚ್ಚು. ಚಿಕ್ಕ ಕೈಗಳಿಗೆ 11 ಇಂಚಿನದೇ ಸರಿ. ಇಲ್ಲದಿದ್ದರೆ ಬೆರಳುಗಳು ಸಾಲದೆ ಮಗು ಚೆಂಡನ್ನು ಅಂಗೈಯಿಂದ ತಳ್ಳಲು ಶುರುಮಾಡುತ್ತದೆ, ಒಮ್ಮೆ ಅಂಟಿದ ಆ ರೂಢಿಯನ್ನು ಬಿಡಿಸುವುದು ಕಷ್ಟ.

ಪಿಚಿಂಗ್, ಅಂದರೆ ಬ್ಯಾಟ್ ಹಿಡಿದವರಿಗೆ ಚೆಂಡೆಸೆಯುವುದರ ಬಗ್ಗೆ ಅವಸರ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ತೋಳನ್ನು ಪೂರ್ತಿ ಸುತ್ತಿಸಿ ಎಸೆಯುವುದನ್ನು ಕಂಡು ಎಲ್ಲರಿಗೂ ಆಸೆಯಾಗುತ್ತದೆ. ಆದರೆ ಹತ್ತಿರದಿಂದ, ತೊಡೆಯ ಪಕ್ಕದಲ್ಲಿ ಮಣಿಕಟ್ಟನ್ನು ಮಾತ್ರ ಚಿಮ್ಮಿಸಿ ಚೆಂಡು ಬಿಡುವುದು ಹದಕ್ಕೆ ಬಂದ ಮೇಲಷ್ಟೇ ತೋಳು ಸುತ್ತಬೇಕು, ದೂರ ಹೆಚ್ಚಿಸಬೇಕು. ಅಂತರರಾಷ್ಟ್ರೀಯ ಮಹಿಳಾ ಪಂದ್ಯಗಳ 43 ಅಡಿ ಪಿಚಿಂಗ್ ದೂರವನ್ನು ಮಕ್ಕಳ ಮೇಲೆ ಹೇರುವುದರಲ್ಲಿ ಅರ್ಥವಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಎಡಗೈ ಮಕ್ಕಳ ವಿಷಯ. ಗ್ಲೌಸ್ ಹಾಕಿಕೊಳ್ಳಬೇಕಾದದ್ದು ಎಸೆಯದಿರುವ ಕೈಗೆ, ಆದರೆ ಶಿಬಿರದ ಚೀಲದಲ್ಲಿದ್ದವೆಲ್ಲ ಬಲಗೈಯಲ್ಲಿ ಎಸೆಯುವವರಿಗಾಗಿ ಮಾಡಿದವು. ಬೇಲೂರು ಕಡೆಯ ಒಬ್ಬ ಹುಡುಗಿ ಎಡಗೈಗೆ ಹಾಕಿದ ಗ್ಲೌಸ್‌ನಲ್ಲಿ ಚೆಂಡು ಹಿಡಿದು, ಗ್ಲೌಸನ್ನು ಕಂಕುಳಲ್ಲಿ ಸಿಕ್ಕಿಸಿ ಕೈ ಎಳೆದುಕೊಂಡು, ಅದೇ ಎಡಗೈಯಿಂದ ಮೊದಲ ಬೇಸ್‌ಗೆ ನೇರವಾಗಿ ಎಸೆಯುತ್ತಿದ್ದಳು. ಅಷ್ಟರಲ್ಲಿ ಓಟಗಾರ್ತಿ ಬೇಸ್ ಮುಟ್ಟಿರುತ್ತಿದ್ದಳು. "ಅಕ್ಕಾ, ಬಲಗೈಯಲ್ಲೇ ಎಸೆಯೋದು ಕಲಿತ್ಕೊಳ್ಲಾ?" ಎಂದು ಅವಳು ಕೇಳಿದಾಗ ಖಂಡಿತ ಬೇಡವೆಂದೆ. ಎಡಗೈಯವರು ಮೊದಲ ಬೇಸ್ ಕಾಯಲು ಬಹಳ ಅನುಕೂಲ: ಗ್ಲೌಸ್ ಇರುವ ಬಲಗೈ ಮೈದಾನದ ಒಳಗಡೆಗೇ ಇರುತ್ತದೆ, ಎರಡನೆಯ ಬೇಸ್‌ಗೆ ಎಸೆಯಲು ಮೈ ತಿರುಗಿಸಬೇಕಾಗುವುದಿಲ್ಲ. ಮುಂದಿನ ಶಿಬಿರದ ಸಾಮಾನಿನ ಪಟ್ಟಿ ಬರೆದುಕೊಟ್ಟಿದ್ದೇನೆ. ಬಲಗೈಗೆ ಹಾಕುವ ಗ್ಲೌಸ್‌ಗಳನ್ನು ಬ್ಯಾಟುಗಳಿಗಿಂತ ಮೇಲೆ ಬರೆದಿದ್ದೇನೆ.