ನೀರಿನ ಬಟ್ಟಲು ಇಡುವ ಮೊದಲು ಬಾಗಿಲಿನ ರಬ್ಬರ್ ನೋಡಿ

ವೈನ್ ಬಾಟಲಿ ತಂಪಾಗಿಡುವ ಕ್ಯಾಬಿನೆಟ್ ಸರ್ವಿಸ್ ಮಾಡುವವರಿಗೆ ಮತ್ತೆ ಮತ್ತೆ ಬರುವ ದೂರು: ‘ಒಳಗಿನ ತೇವಾಂಶದ ಮೀಟರ್ ಶೇ 40 ತೋರಿಸ್ತಿದೆ, ಬಾಟಲಿಯ ಕಾರ್ಕ್ ಮುಚ್ಚಳ ಒಣಗಿಹೋಗುತ್ತಾ?’ ಅವಸರದಲ್ಲಿ ಒಳಗೆ ನೀರಿಡಬೇಡಿ, ಮೊದಲು ಮೀಟರನ್ನೇ ಪರೀಕ್ಷಿಸಿ. ಸಣ್ಣ ಮುಚ್ಚಳದಲ್ಲಿ ಒಂದು ಚಮಚ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಬೆರೆಸಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಮೀಟರನ್ನೂ ಒಂದೇ ಜಿಪ್ ಕವರ್‌ನಲ್ಲಿಟ್ಟು, ಕೋಣೆಯ ಉಷ್ಣತೆಯಲ್ಲಿ 12 ಗಂಟೆ ಬಿಡಿ. 75 ತೋರಿಸಬೇಕು. 68 ತೋರಿಸಿದರೆ, ಮುಂದೆ ಅದರ ಲೆಕ್ಕಕ್ಕೆ 7 ಸೇರಿಸಿ ಓದಿಕೊಳ್ಳಿ.

ಮೀಟರ್ ಸರಿಯಿದ್ದರೂ ಒಂದು ಹೊತ್ತಿನ ಸಂಖ್ಯೆಯನ್ನು ನಂಬಬೇಡಿ. ಕ್ಯಾಬಿನೆಟ್ ಒಳಗಿನ 13 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯಬಲ್ಲ ನೀರಾವಿ ಸುಮಾರು 11 ಗ್ರಾಂ. ಅಂದರೆ 400 ಲೀಟರ್‌ನ ಖಾಲಿ ಕ್ಯಾಬಿನೆಟ್‌ನಲ್ಲಿ ಶೇ 60 ತೇವಾಂಶಕ್ಕೆ ಬೇಕಾದದ್ದು ಮೂರು ಗ್ರಾಂಗೂ ಕಡಿಮೆ ನೀರು! ಕಂಪ್ರೆಸರ್ ಓಡುವಾಗ ಅದು ತಣ್ಣನೆಯ ಕಾಯಿಲ್ ಮೇಲೆ ಹನಿಯಾಗಿ ಕೂರುತ್ತದೆ, ಮೀಟರ್ ಸರ್ರನೆ ಇಳಿಯುತ್ತದೆ. ಕಂಪ್ರೆಸರ್ ನಿಂತು ಫ್ಯಾನ್ ಮಾತ್ರ ತಿರುಗಿದರೆ ಹನಿ ಆರಿ, ತೇವ ಮತ್ತೆ ಗಾಳಿಗೆ ಬರುತ್ತದೆ. ಮೀಟರನ್ನು ಫ್ಯಾನಿನಿಂದ ದೂರ, ನಡುವಿನ ತಟ್ಟೆಯಲ್ಲಿಟ್ಟು 24 ಗಂಟೆಯ ಏರಿಳಿತ ನೋಡಿ. 55ರಿಂದ 70ರ ನಡುವೆ ಆಡುತ್ತಿದ್ದರೆ ಏನೂ ಮಾಡಬೇಕಿಲ್ಲ.

ತಳದಲ್ಲಿ ನೀರು ನಿಲ್ಲುವುದು, ಲೇಬಲ್‌ಗೆ ಬೂಸ್ಟು ಹಿಡಿಯುವುದು ಕಂಡರೆ ಮೊದಲ ಅನುಮಾನ ಬಾಗಿಲಿನ ರಬ್ಬರ್ ಮೇಲಿರಲಿ. 25 ಡಿಗ್ರಿಯ, ಶೇ 50 ತೇವಾಂಶದ ಗಾಳಿ ಸಂದಿಯಿಂದ ಒಳಬಂದು 13ಕ್ಕೆ ಇಳಿಯುವ ಮೊದಲೇ ಅದರ ತೇವಾಂಶ ಶೇ 100 ಮುಟ್ಟಿ ಹನಿಗಟ್ಟುತ್ತದೆ. ಬಾಗಿಲಿನ ಸುತ್ತ ಅಲ್ಲಲ್ಲಿ ಕಾಗದದ ಪಟ್ಟಿ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಜಾರಿದ ಕಡೆ ರಬ್ಬರ್ ಸೋತಿದೆ. ಬೆಚ್ಚಗಿನ ಸೋಪು ನೀರಿನಲ್ಲಿ ಒರೆಸಿ, ಸೊಟ್ಟಗಾಗಿದ್ದರೆ ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿ ಮಾಡಿ ಒತ್ತಿ ಕೂರಿಸಿ. ಸೀಳಿದ್ದರೆ ಬದಲಿಸುವುದೇ ಸರಿ. ಆಮೇಲೆ ಹಿಂಬದಿಯ ಡ್ರೈನ್ ತೂತಿಗೆ 50 ಮಿ.ಲೀ. ಬೆಚ್ಚಗಿನ ನೀರು ಬಿಡಿ. ಇಳಿಯದಿದ್ದರೆ ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿಯಿಂದ ಲೋಳೆ ತೆಗೆಯಿರಿ. ತಂತಿ ಚುಚ್ಚಬೇಡಿ, ಪೈಪ್ ತೂತಾಗುತ್ತದೆ.

ಇಷ್ಟಾದರೂ ದಿನಗಟ್ಟಲೆ 50ಕ್ಕಿಂತ ಕೆಳಗಿದ್ದರೆ ಆಗ ನೀರಿಡಿ. ಆಳದ ಲೋಟದಿಂದ ಪ್ರಯೋಜನವಿಲ್ಲ, ಆವಿಯಾಗುವುದು ಮೇಲ್ಮೈಯಿಂದ. ಅಗಲ ತಟ್ಟೆಯಲ್ಲಿ ಒದ್ದೆ ಸ್ಪಾಂಜ್ ಇಟ್ಟು, ವಾರಕ್ಕೊಮ್ಮೆ ತೊಳೆದು ಡಿಸ್ಟಿಲ್ಡ್ ನೀರು ಹಾಕಿ. ಮಲಗಿಸಿಟ್ಟ ಬಾಟಲಿಯಲ್ಲಿ ಕಾರ್ಕಿನ ಒಳತುದಿ ಹೇಗೂ ವೈನಿನಲ್ಲಿ ನೆಂದಿರುತ್ತದೆ, ಕೆಲವು ವಾರದ ಒಣಹವೆಗೆ ಗಾಬರಿ ಬೇಡ. ತಿರುಪು ಮುಚ್ಚಳದ ಬಾಟಲಿಗಂತೂ ಈ ಚಿಂತೆಯೇ ಇಲ್ಲ. ಮರದ ತಟ್ಟೆಗಳು ತೇವವನ್ನು ನಿಧಾನವಾಗಿ ಹೀರಿ, ನಿಧಾನವಾಗಿ ಬಿಡುತ್ತವೆ. ಹಾಗಾಗಿ ಏನೇ ಬದಲಿಸಿದರೂ ಮೂರು ದಿನ ಕಾದು ನಂತರ ಮೀಟರ್ ನೋಡಿ.